ಮಗಳಿಗೊಂದು ಪತ್ರ: ಎದೆ ಬಡಿತ, ಒಂದು ಮಾತ್ರೆ, ನಿನ್ನ ಪ್ರಶ್ನೆ

ಕುಮಟಾ

ಪ್ರೀತಿಯ ಕೂಸೇ,

ನಿನಗೆ ಬೇಡದ ಮಾತನ್ನೇ ಮೊದಲು ಹೇಳಿ ಮುಗಿಸುತ್ತೇನೆ. ಸೆಮಿನಾರಿಗೆ ಮೊದಲು ಎದೆ ಬಡಿತ ತಗ್ಗಿಸಲು ನೀನು ಕೇಳಿದ ಪ್ರೊಪ್ರನಾಲಾಲ್ ಮಾತ್ರೆ ಕಳಿಸುವುದಿಲ್ಲ. ಅಪ್ಪನದೇ ಮೆಡಿಕಲ್ ಇದೆ, ಒಂದು ಸ್ಟ್ರಿಪ್ ಬಸ್ಸಿಗೆ ಕೊಟ್ಟು ಕಳಿಸಲು ಏನು ಕಷ್ಟ ಅಂತ ಕೇಳಿದೆ. ಕಷ್ಟ ಏನೂ ಇಲ್ಲ. ಆದರೆ ಅದು ಶೆಡ್ಯೂಲ್ ಎಚ್ ಮಾತ್ರೆ, ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಊರಿನವರಿಗೆಲ್ಲ ಚೀಟಿ ತನ್ನಿ ಅನ್ನುವವನು ಮಗಳಿಗೆ ಮಾತ್ರ ಸುಮ್ನೆ ಕೊಡಲು ಬರುತ್ತದಾ? ಅದಕ್ಕಿಂತ ದೊಡ್ಡ ಕಾರಣ ನಿನ್ನ ಉಬ್ಬಸ. ಸಣ್ಣವಳಿದ್ದಾಗ ಮಳೆಗಾಲ ಬಂತೆಂದರೆ ನಿನ್ನ ಎದೆಯಲ್ಲಿ ಸುಂಯ್ ಸುಂಯ್ ಶುರುವಾಗುತ್ತಿತ್ತು. ನಿನ್ನ ಆಯಿ ನೆಬ್ಯುಲೈಸರ್ ಹಿಡಿದು ರಾತ್ರಿಯಿಡೀ ಕೂರುತ್ತಿದ್ದಳು. ಈಗ ಅದೆಲ್ಲ ಹೋಯಿತು ಅಂತ ನೀನು ಅಂದುಕೊಂಡಿದ್ದೀಯ. ಉಬ್ಬಸ ಇದ್ದವರಿಗೆ ಈ ಮಾತ್ರೆ ಕೊಡಬಾರದು, ಶ್ವಾಸನಾಳ ಬಿಗಿದುಕೊಳ್ಳುತ್ತದೆ. ನಿನ್ನ ರೂಮ್‌ಮೇಟ್ ತಗೊಂಡು ಸೆಮಿನಾರ್ ಚೆನ್ನಾಗಿ ಕೊಟ್ಟಳು ಅಂದೆಯಲ್ಲ, ಅವಳಿಗೆ ಉಬ್ಬಸ ಇಲ್ಲ. ಅಷ್ಟೇ ವ್ಯತ್ಯಾಸ, ಆದರೆ ಅದು ಸಣ್ಣದಲ್ಲ.

ಇನ್ನು ನಿನ್ನ ಪ್ರಶ್ನೆ. ಅದು ನನಗೆ ಭಾರಿ ಇಷ್ಟವಾಯಿತು. "ಮಾತ್ರೆ ಕೆಲಸ ಮಾಡುವುದು ಹೃದಯದ ಮೇಲೆ. ತಗೊಂಡರೆ ಹೆದರಿಕೆ ಹೋಗುತ್ತದೆ. ಹಾಗಾದರೆ ಹೆದರಿಕೆ ಎದೆಯಲ್ಲೇ ಇದೆ ಅಂತಾಯ್ತಲ್ಲ ಅಪ್ಪಾ, ಎಲ್ಲಾ ಮೆದುಳಿನದು ಅಂತ ಯಾಕೆ ಹೇಳ್ತಾರೆ?" ಫೋನಿನಲ್ಲಿ ಉತ್ತರ ಹೇಳೋಣ ಅಂದರೆ ಎದುರಿಗೆ ಗಿರಾಕಿ ನಿಂತಿದ್ದರು. ಇದು ಎರಡು ನಿಮಿಷದಲ್ಲಿ ಮುಗಿಯುವ ಮಾತೂ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದಲು ಹೊತ್ತಾದೀತು, ಚಾ ಮಾಡಿಕೊಂಡು ಕೂರು.

ಮಾತ್ರೆಯಿಂದಲೇ ಶುರು ಮಾಡೋಣ. ಇದನ್ನು ಕಂಡುಹಿಡಿದದ್ದು ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್, 1960ರ ದಶಕದಲ್ಲಿ. ಹೃದಯಕ್ಕೆ ರಕ್ತ ಸಾಲದೆ ಎದೆ ನೋಯುವವರಿಗೆ ಔಷಧಿ ಬೇಕಿತ್ತು. ಹೃದಯಕ್ಕೆ ಹೆಚ್ಚು ರಕ್ತ ಕೊಡುವ ಬದಲು ಹೃದಯದ ಕೆಲಸವನ್ನೇ ಕಡಿಮೆ ಮಾಡಿದರೆ ಹೇಗೆ ಅಂತ ಅವರು ಯೋಚಿಸಿದರು. 1988ರಲ್ಲಿ ಅವರಿಗೆ ನೊಬೆಲ್ ಬಂತು. ನಾವು ಹೆದರಿದಾಗ ಅಡ್ರಿನಾಲಿನ್ ಎಂಬ ಹಾರ್ಮೋನ್ ರಕ್ತದಲ್ಲಿ ಓಡಿಬಂದು ಹೃದಯದಲ್ಲಿ ತನಗೆಂದು ಇರುವ ಜಾಗದಲ್ಲಿ ಕೂರುತ್ತದೆ, ಬಡಿತ ಏರುತ್ತದೆ. ಈ ಮಾತ್ರೆ ಅದಕ್ಕಿಂತ ಮೊದಲೇ ಹೋಗಿ, ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ, ಆ ಜಾಗ ಹಿಡಿದುಬಿಡುತ್ತದೆ. ಅಡ್ರಿನಾಲಿನ್ ಬಂದರೂ ಕೂರಲು ಜಾಗ ಇಲ್ಲ. ಇಂಥದೇ ಜಾಗ ಶ್ವಾಸನಾಳದಲ್ಲೂ ಇದೆ, ಅಲ್ಲೇ ನಿನಗೆ ತೊಂದರೆ.

ಇಲ್ಲೊಂದು ತೊಡಕು ಇದೆ. ಪ್ರೊಪ್ರನಾಲಾಲ್ ಬರೀ ಹೃದಯಕ್ಕೆ ಹೋಗಿ ನಿಲ್ಲುವುದಿಲ್ಲ. ಅದು ಕೊಬ್ಬಿನಲ್ಲಿ ಕರಗುತ್ತದೆ, ಹಾಗಾಗಿ ಮೆದುಳಿಗೂ ಸಲೀಸಾಗಿ ನುಗ್ಗುತ್ತದೆ. ಹೆದರಿಕೆ ಕಡಿಮೆಯಾಗಿದ್ದು ಎದೆ ಶಾಂತವಾಗಿದ್ದಕ್ಕೋ ಮೆದುಳಿಗೆ ಮಾತ್ರೆ ಮುಟ್ಟಿದ್ದಕ್ಕೋ ಅಂತ ಅದರಿಂದ ಹೇಳಲು ಬರುವುದಿಲ್ಲ. ಅದೇ ಜಾತಿಯ ಅಟೆನೊಲಾಲ್ ನೀರಲ್ಲಿ ಕರಗುವಂಥದ್ದು, ಮೆದುಳಿಗೆ ಹೋಗುವುದು ತೀರಾ ಕಡಿಮೆ. ಅದು ಕೂಡ ಎದೆ ಡವಗುಟ್ಟುವುದನ್ನು ತಗ್ಗಿಸುತ್ತದೆ. ಹಾಗಾಗಿ ನಿನ್ನ ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಸ್ಟೇಜಿಗೆ ಹೋಗುವ ಮೊದಲು ಇಂಥ ಮಾತ್ರೆ ತಗೊಳ್ಳುವವರನ್ನು ಕೇಳಿ ನೋಡು. "ಕೈ ನಡುಗಲಿಲ್ಲ, ಎದೆ ಹೊಡೆದುಕೊಳ್ಳಲಿಲ್ಲ, ತಪ್ಪಿದರೆ ಏನು ಗತಿ ಅನ್ನೋ ಯೋಚನೆ ಮಾತ್ರ ಅಲ್ಲೇ ಇತ್ತು" ಅನ್ನುವವರೂ ಸಿಗುತ್ತಾರೆ. ಹೆದರಿಕೆಯ ಒಂದು ಪಾಲು ಹೋಯಿತು, ಇನ್ನೊಂದು ಪಾಲು ಕೂತೇ ಇತ್ತು.

ಈ ಜಗಳ ತುಂಬಾ ಹಳೆಯದು. ಈಜಿಪ್ಟಿನವರು ಹೆಣವನ್ನು ಮಮ್ಮಿ ಮಾಡುವಾಗ ಮೆದುಳನ್ನು ಮೂಗಿನಿಂದ ಎಳೆದು ತೆಗೆಯುತ್ತಿದ್ದರು, ಹೃದಯವನ್ನು ಮಾತ್ರ ಜೋಪಾನವಾಗಿ ಒಳಗೇ ಉಳಿಸುತ್ತಿದ್ದರು. ಅರಿಸ್ಟಾಟಲ್ ಪ್ರಕಾರ ಮೆದುಳು ಇರುವುದು ಮೈಯ ಬಿಸಿ ಆರಿಸಲು, ಅನುಭವ ಎಲ್ಲ ಹೃದಯದ್ದು. ನಮ್ಮ ಸುಶ್ರುತನೂ ಚೇತನೆಯ ನೆಲೆ ಹೃದಯ ಎಂದ. ಚರಕನೂ ಅದನ್ನೇ ಹೇಳಿದ, ಆದರೆ ಇಂದ್ರಿಯಗಳೆಲ್ಲ ಆಶ್ರಯಿಸಿದ್ದು ತಲೆಯನ್ನು, ಅಂಗಗಳಲ್ಲಿ ಅದೇ ಉತ್ತಮ ಅಂತಲೂ ಸೇರಿಸಿದ. ಭೇಲ ಸಂಹಿತೆ ಎಂಬ ಹಳೆಯ ಆಯುರ್ವೇದ ಗ್ರಂಥ ಇನ್ನೂ ಮುಂದೆ ಹೋಗಿ ಮನಸ್ಸು ಇರುವುದು ತಲೆಗೂ ಅಂಗುಳಕ್ಕೂ ನಡುವೆ ಎನ್ನುತ್ತದೆ. ನಮ್ಮವರೆಲ್ಲ ಒಂದೇ ಮಾತು ಹೇಳಿದರು ಅಂತ ಯಾರಾದರೂ ಭಾಷಣ ಮಾಡಿದರೆ ನಂಬಬೇಡ. ಅವರೂ ಚೆನ್ನಾಗಿಯೇ ಜಗಳಾಡಿದ್ದಾರೆ.

ರೋಮಿನಲ್ಲಿ ಗೇಲನ್ ಎಂಬ ವೈದ್ಯನಿದ್ದ, ಎರಡನೇ ಶತಮಾನದವನು. ಧ್ವನಿ ಎದೆಯಿಂದ ಬರುತ್ತದೆ, ಆದ್ದರಿಂದ ಮನಸ್ಸೂ ಎದೆಯಲ್ಲೇ ಇದೆ ಅಂತ ಅಲ್ಲಿನ ಕೆಲವು ತತ್ತ್ವಜ್ಞಾನಿಗಳ ವಾದ. ಗೇಲನ್ ಜನರ ಎದುರಿಗೇ ಕಿರುಚುತ್ತಿದ್ದ ಹಂದಿಯ ಗಂಟಲಿನ ಒಂದು ಸಣ್ಣ ನರವನ್ನು ಬಿಗಿದ. ಹಂದಿ ಒದ್ದಾಡುತ್ತಲೇ ಇತ್ತು, ಸ್ವರ ಮಾತ್ರ ನಿಂತುಹೋಯಿತು. ಆ ನರ ಬರುವುದು ಮೆದುಳಿನಿಂದ. ಕ್ರೂರ ಪ್ರಯೋಗ, ಒಪ್ಪುತ್ತೇನೆ. ಆದರೆ ವಾದ ಅಲ್ಲಿಗೆ ಅರ್ಧ ಮುಗಿಯಿತು.

ಈಗಿನ ಪುರಾವೆ ಇನ್ನೂ ಗಟ್ಟಿ. 1967ರ ಡಿಸೆಂಬರ್ 3ರಂದು ಕೇಪ್‌ಟೌನಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಒಬ್ಬರ ಹೃದಯ ತೆಗೆದು ಇನ್ನೊಬ್ಬರಿಗೆ ಹಾಕಿದರು. ರೋಗಿ ಬದುಕಿದ್ದು 18 ದಿನ. ನಮ್ಮ ದೇಶದಲ್ಲಿ 1994ರ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಪಿ. ವೇಣುಗೋಪಾಲ್ ತಂಡ ಅದನ್ನು ಮಾಡಿ ಗೆದ್ದಿತು. ಹೃದಯ ಬದಲಿಸುವಾಗ ರಕ್ತನಾಳಗಳನ್ನು ಹೊಲಿಯುತ್ತಾರೆ. ನರಗಳನ್ನು ಜೋಡಿಸಲು ಆಗುವುದಿಲ್ಲ. ಹೊಸ ಹೃದಯ ಮೆದುಳಿನ ಜೊತೆ ನೇರ ಮಾತಿಲ್ಲದೆ ತನ್ನಷ್ಟಕ್ಕೆ ಬಡಿಯುತ್ತದೆ. ಸುಮ್ಮನೆ ಕೂತಾಗಲೂ ನಿಮಿಷಕ್ಕೆ 90ರಿಂದ 110. ಹೆದರಿದ ತಕ್ಷಣ ಅದು ಹಾರುವುದಿಲ್ಲ, ರಕ್ತದಲ್ಲಿ ಅಡ್ರಿನಾಲಿನ್ ಬಂದು ಮುಟ್ಟಿದ ಮೇಲೆ ನಿಧಾನಕ್ಕೆ ಏರುತ್ತದೆ. ಹಾಗಂತ ಆ ಜನ ಹೆಂಡತಿ ಮಕ್ಕಳನ್ನು ಮರೆತರಾ? ಕಣ್ಣೀರು ನಿಂತಿತಾ? ಇಲ್ಲ. ಪ್ರೀತಿ ಆ ಮಾಂಸದ ಮುದ್ದೆಯೊಳಗೇ ಇದ್ದಿದ್ದರೆ ಹಳೆ ಹೃದಯದ ಜೊತೆಗೇ ಹೋಗಬೇಕಿತ್ತು.

ಇನ್ನೊಂದು ಕಡೆಯಿಂದ ನೋಡು. 1998ರಲ್ಲಿ ಅಮೆರಿಕದ ವೈದ್ಯರು ಹದಿನಾರು ವರ್ಷದ ಹುಡುಗಿಯೊಬ್ಬಳಿಗೆ ಮೂರ್ಛೆರೋಗದ ಆಪರೇಷನ್ನಿಗೆ ತಯಾರಿ ಮಾಡುತ್ತಿದ್ದರು. ಮೆದುಳಿನ ಮುಂಭಾಗದ ಒಂದು ಸಣ್ಣ ಜಾಗಕ್ಕೆ ಚೂರು ಕರೆಂಟ್ ಕೊಟ್ಟಾಗ ಅವಳು ಮುಗುಳ್ನಕ್ಕಳು. ಸ್ವಲ್ಪ ಜಾಸ್ತಿ ಮಾಡಿದಾಗ ಜೋರಾಗಿ ನಕ್ಕಳು. ಯಾಕೆ ನಗ್ತೀಯ ಅಂದರೆ ಪ್ರತಿ ಸಲವೂ ಒಂದು ಕಾರಣ ಹೇಳಿದಳು. ಒಮ್ಮೆ ಎದುರಿಗಿದ್ದ ಕುದುರೆಯ ಚಿತ್ರ ತಮಾಷೆ ಅಂದಳು, ಇನ್ನೊಮ್ಮೆ ನೀವೆಲ್ಲ ಸುತ್ತ ನಿಂತಿರುವುದೇ ತಮಾಷೆ ಅಂದಳು. ನಗು ಬರೀ ಬಾಯಿಯದಾಗಿರಲಿಲ್ಲ, ಒಳಗೆ ಖುಷಿಯೂ ಆಗುತ್ತಿತ್ತು. ಮರುವರ್ಷ ಪ್ಯಾರಿಸ್ಸಿನಲ್ಲಿ ಪಾರ್ಕಿನ್ಸನ್ ಕಾಯಿಲೆಯ ಹೆಂಗಸೊಬ್ಬರ ಮೆದುಳಿಗೆ ತಂತಿ ಇಟ್ಟಾಗ ಇದರ ತದ್ವಿರುದ್ಧ ನಡೆಯಿತು. ಕರೆಂಟ್ ಹರಿದ ಕೆಲವೇ ಕ್ಷಣದಲ್ಲಿ ಅವರು ಕುಸಿದು ಅತ್ತರು, ನನಗೆ ಯಾವುದೂ ಬೇಡ ಅಂದರು. ನಿಲ್ಲಿಸಿದ ಸ್ವಲ್ಪ ಹೊತ್ತಿನಲ್ಲೇ ಮೊದಲಿನ ಹಾಗಾದರು. ಆ ದುಃಖಕ್ಕೆ ಕಾರಣವೇ ಇರಲಿಲ್ಲ, ಒಂದು ತಂತಿ ಮಾತ್ರ ಇತ್ತು. ಇದನ್ನು ಓದಿದ ದಿನ ನನಗೆ ಊಟ ಸರಿಯಾಗಿ ಸೇರಲಿಲ್ಲ.

ದೂರದ ಊರು ಯಾಕೆ, ಶಿರೂರನ್ನೇ ತಗೋ. ನೀನು ಅಂಕೋಲಾ ಮೇಲೆ ಧಾರವಾಡಕ್ಕೆ ಹೋಗುವಾಗ ಬಸ್ಸು ಆ ಗುಡ್ಡದ ಬುಡದಲ್ಲೇ ಹೋಗುತ್ತದೆ. 2024ರ ಜುಲೈ 16ರಂದು ಆ ಗುಡ್ಡ ಕುಸಿದ ನಂತರ, ಮಳೆ ಹೊಡೆಯುವಾಗ ಅಲ್ಲಿ ದಾಟುವವರಲ್ಲಿ ಎದೆ ಹೊಡೆದುಕೊಳ್ಳದವರು ಯಾರು? ಗುಡ್ಡ ಕುಸಿಯುವ ಮೊದಲು ಅದೇ ತಿರುವಿನಲ್ಲಿ ಅದೇ ಮಳೆಯಲ್ಲಿ ನಿದ್ದೆ ಹೊಡೆಯುತ್ತಾ ಹೋಗುತ್ತಿದ್ದೆವು. ಹೃದಯಕ್ಕೆ ಕಣ್ಣಿಲ್ಲ. ಇದು ಶಿರೂರು, ಆಚೆ ಬದಿ ಗಂಗಾವಳಿ ಹೊಳೆ ಅಂತ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ನೋಡುವುದು, ಗುರುತು ಹಿಡಿಯುವುದು, ಅಂದು ಟೀವಿಯಲ್ಲಿ ಕಂಡದ್ದನ್ನು ನೆನೆಯುವುದು ಎಲ್ಲ ಮೇಲೆ ನಡೆದು, ಆಮೇಲೆ ಕೆಳಗೆ ಸುದ್ದಿ ಹೋಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ನಿನ್ನ ಪ್ರಶ್ನೆಗೆ ಉತ್ತರ "ಮೆದುಳು" ಅಂತ ಒಂದೇ ಶಬ್ದದಲ್ಲಿ ಮುಗಿಯುತ್ತಿತ್ತು. ಪರೀಕ್ಷೆಯಲ್ಲಿ ಮಾರ್ಕ್ಸೂ ಸಿಗುತ್ತಿತ್ತು. ಆದರೆ ಅದು ಅರ್ಧ ಉತ್ತರ.

1884ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಒಂದು ತಲೆಕೆಳಗು ಮಾತು ಹೇಳಿದರು. ಹೆದರಿದ್ದಕ್ಕೆ ಮೈ ನಡುಗುತ್ತದೆ ಅಂತ ನಾವು ಅಂದುಕೊಂಡಿದ್ದೇವೆ, ನಿಜ ನೋಡಿದರೆ ಮೈ ನಡುಗಿದ್ದು ನಮಗೆ ಗೊತ್ತಾಗುವುದೇ ಹೆದರಿಕೆ. ಎದೆ ಬಡಿತ, ಉಸಿರು, ಕೈಕಾಲು ತಣ್ಣಗಾದದ್ದು, ಇದನ್ನೆಲ್ಲ ಹೆದರಿಕೆಯಿಂದ ತೆಗೆದುಹಾಕಿ ನೋಡಿ, ಉಳಿಯುವುದೇನು ಅಂತ ಅವರು ಕೇಳಿದರು. ಒಂದು ಸಪ್ಪೆ ಲೆಕ್ಕಾಚಾರ ಉಳಿಯುತ್ತದೆ, ಅಷ್ಟೇ.

ಯಕ್ಷಗಾನ ನೋಡಿ ಬೆಳೆದ ನಮಗೆ ಇದು ಅಷ್ಟೇನೂ ಹೊಸ ಮಾತಲ್ಲ. ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ವಿಕ ಭಾವ ಇವೆ. ಮೈ ಮರಗಟ್ಟುವುದು, ಬೆವರು, ರೋಮಾಂಚ, ಸ್ವರ ಒಡೆಯುವುದು, ನಡುಕ, ಮುಖ ಬಿಳಿಚುವುದು, ಕಣ್ಣೀರು, ಎಚ್ಚರ ತಪ್ಪುವುದು. ಇವತ್ತಿನ ಡಾಕ್ಟರು ಸ್ವಯಂಚಾಲಿತ ನರಮಂಡಲದ ಕೆಲಸ ಅಂತ ಬರೆಯುವ ಪಟ್ಟಿಯೂ ಹೆಚ್ಚುಕಡಿಮೆ ಇದೇ. ಆಟದವರಿಗೆ ಇದು ಅಂದೇ ಗೊತ್ತಿತ್ತು.

ನಮ್ಮ ಕೌರವನ ವೇಷದ ಮಾವ ನಿನಗೆ ನೆನಪಿದ್ದಾರಲ್ಲ. ಅವರಿಗೆ ಬೀಪಿ ಇದೆ, ಮಾತ್ರೆ ನನ್ನ ಹತ್ತಿರವೇ ಒಯ್ಯುತ್ತಾರೆ. ಕಳೆದ ಸೀಸನ್ನಿನಲ್ಲಿ ಒಂದು ಆಟದ ರಾತ್ರಿ ಯುದ್ಧದ ಕುಣಿತ ಮುಗಿಸಿ ಅವರು ಚೌಕಿಗೆ, ಅಂದರೆ ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ ಬಂದಾಗ, ಒಂದು ಸಲ ಬೀಪಿ ಮಿಷನ್ ಹಚ್ಚಿ ನೋಡು ಮಾರಾಯ ಅಂದರು. ಕಿರೀಟ ಇನ್ನೂ ಬಿಚ್ಚಿರಲಿಲ್ಲ. ತೋಳಿನ ಭುಜಕೀರ್ತಿ ಸರಿಸಿ, ಒದ್ದೆ ಅಂಗಿಯ ಮೇಲೆ ಪಟ್ಟಿ ಸುತ್ತಬೇಕಾಯಿತು. ಕುತ್ತಿಗೆಯ ನರ ಬಣ್ಣದ ಅಡಿಯಲ್ಲೂ ಕುಣಿಯುವುದು ಕಾಣುತ್ತಿತ್ತು. ನಾಡಿ ನೂರರ ಮೇಲೆ. ಗಲ್ಲದ ಬಣ್ಣದಲ್ಲಿ ಬೆವರು ಗೆರೆ ಎಳೆದಿತ್ತು, ಬೆರಳು ನಡುಗುತ್ತಿದ್ದವು. ಮಾವ ಮಾತ್ರ ನಗುತ್ತಾ, ಅವಲಕ್ಕಿ ಖಾಲಿ ಆಯ್ತಾ, ಚಾ ಎಲ್ಲಿ ಅಂತ ಕೇಳುತ್ತಿದ್ದರು. ಮೈ ಇನ್ನೂ ಭೀಮನ ಮೇಲೆ ಸಿಟ್ಟಿನಲ್ಲಿತ್ತು. ಮಾವನಿಗೆ ಸಿಟ್ಟು ಇರಲಿಲ್ಲ.

ಬರೀ ಬಡಿತವೇ ಭಾವನೆ ಆಗಿದ್ದರೆ ಮಾವ ಆ ಹೊತ್ತಿಗೆ ಯಾರಿಗಾದರೂ ಗದೆ ಬೀಸಬೇಕಿತ್ತು. ಸ್ಪೇನಿನ ಗ್ರೆಗೋರಿಯೊ ಮರಾನ್ಯೊನ್ ಎಂಬ ವೈದ್ಯ 1924ರಲ್ಲಿ ಇದನ್ನೇ ಕಂಡರು. 210 ಜನಕ್ಕೆ ಅಡ್ರಿನಾಲಿನ್ ಸೂಜಿ ಕೊಟ್ಟರು. ಎಲ್ಲರಿಗೂ ಎದೆ ಬಡಿದುಕೊಂಡಿತು, ಕೈ ನಡುಗಿತು. ಹೆಚ್ಚಿನವರು ಮೈಯಲ್ಲಿ ಹೀಗಾಗ್ತಿದೆ ಅಂದರು, ಅಷ್ಟೇ. ಇನ್ನು ಕೆಲವರು ಹೆದರಿದ ಹಾಗೆ ಆಗ್ತಿದೆ, ಆದರೆ ಹೆದರಿಕೆ ಇಲ್ಲ ಅಂದರು. ಮೂರು ವರ್ಷದ ನಂತರ ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ವಿಲಿಯಂ ಜೇಮ್ಸರ ವಾದದ ಮೇಲೆ ಸರಿಯಾಗಿ ಏರಿಹೋದರು. ಸಿಟ್ಟಿಗೂ ಹೆದರಿಕೆಗೂ ಜ್ವರಕ್ಕೂ ಎದೆ ಬಡಿತ ಏರುತ್ತದೆ, ಬಡಿತ ನೋಡಿ ಯಾವುದು ಅಂತ ಹೇಗೆ ಹೇಳುತ್ತೀರಿ ಅಂತ.

ಕ್ಯಾನನ್ ಹೇಳಿದಷ್ಟು ಎಲ್ಲವೂ ಒಂದೇ ಅಲ್ಲ. 1983ರಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ ಮತ್ತು ಜೊತೆಗಾರರು ನಟರನ್ನು ಕೂರಿಸಿ, ಹುಬ್ಬು ಗಂಟಿಕ್ಕಿ, ತುಟಿ ಬಿಗಿ ಮಾಡಿ ಅಂತ ಒಂದೊಂದೇ ಸ್ನಾಯುವಿನ ಲೆಕ್ಕದಲ್ಲಿ ಮುಖ ಮಾಡಿಸಿದರು. ಸಿಟ್ಟಿನ ಮುಖಕ್ಕೂ ಹೆದರಿಕೆಯ ಮುಖಕ್ಕೂ ಎದೆ ಬಡಿತ ಏರಿತು. ಆದರೆ ಸಿಟ್ಟಿನಲ್ಲಿ ಬೆರಳು ಬೆಚ್ಚಗಾಯಿತು, ಹೆದರಿಕೆಯಲ್ಲಿ ಆಗಲಿಲ್ಲ. ಹಾಗಾಗಿ ಜೇಮ್ಸರನ್ನು ಪೂರ್ತಿ ಬಿಟ್ಟುಬಿಡಲು ಆಗುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಎಸ್.ಎಂ. ಎಂಬ ಹೆಂಗಸಿನ ಕಥೆ. ಅಮೆರಿಕದವರು, ಹೆಸರು ಹೊರಗೆ ಹೇಳುವುದಿಲ್ಲ, ಈ ಎರಡಕ್ಷರ ಮಾತ್ರ. ಅಪರೂಪದ ಒಂದು ಕಾಯಿಲೆಯಿಂದ ಅವರ ಮೆದುಳಿನ ಎರಡೂ ಬದಿಯ ಅಮಿಗ್ಡಲ ಹಾಳಾಗಿದೆ. ಅಮಿಗ್ಡಲ ಅಂದರೆ ಅಪಾಯದ ಗಂಟೆ ಹೊಡೆಯುವ ಭಾಗ ಅಂತ ನಿನ್ನ ಪುಸ್ತಕದಲ್ಲೂ ಇರುತ್ತದೆ. ಹಾವು ಕೊಟ್ಟರೆ ಕೈಯಲ್ಲಿ ಹಿಡಿದು ನೋಡುತ್ತಾರೆ, ದೆವ್ವದ ಮನೆಗೆ ಕರೆದೊಯ್ದರೆ ನಗುತ್ತಾರೆ. ಹೆದರಿಕೆಯೇ ಇಲ್ಲದ ಹೆಂಗಸು ಅಂತ ಅವರು ಪ್ರಸಿದ್ಧರಾದರು. 2013ರಲ್ಲಿ ಒಂದು ಪ್ರಯೋಗ ಮಾಡಿದರು. 35 ಶೇಕಡ ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯನ್ನು ಒಂದೇ ಒಂದು ಉಸಿರು ಎಳೆಯಲು ಕೊಟ್ಟರು. ಆ ಗಾಳಿ ಉಸಿರು ಕಟ್ಟಿದ ಹಾಗೆ ಮಾಡುತ್ತದೆ. ಎಸ್.ಎಂ. ಮಾಸ್ಕ್ ಕಿತ್ತೆಸೆಯಲು ಒದ್ದಾಡಿದರು, ಸಹಾಯ ಮಾಡಿ ಅಂತ ಕೂಗಿದರು. ಹಾವು ಹೊರಗಿನ ಅಪಾಯ, ಅದನ್ನು ಅಪಾಯ ಅಂತ ಹೇಳಲು ಅಮಿಗ್ಡಲ ಬೇಕಿತ್ತು. ಒಳಗಿನಿಂದ, ಮೈಯಿಂದಲೇ ಎದ್ದ ಹೆದರಿಕೆಗೆ ಅದರ ಹಂಗೇ ಇರಲಿಲ್ಲ.

ನಿನ್ನ ಪ್ರಶ್ನೆಗೆ ತೀರಾ ಹತ್ತಿರದ ಪ್ರಯೋಗ ನಡೆದದ್ದು ಈಚೆಗೆ. 2023ರಲ್ಲಿ ಸ್ಟ್ಯಾನ್‌ಫರ್ಡಿನ ಕಾರ್ಲ್ ಡೈಸರಾತ್ ತಂಡ ಇಲಿಗಳ ಹೃದಯದ ಜೀವಕೋಶಗಳು ಬೆಳಕಿಗೆ ಸ್ಪಂದಿಸುವ ಹಾಗೆ ಮಾಡಿತು. ಇಲಿಗೆ ಪುಟ್ಟ ಬೆಳಕಿನ ಅಂಗಿ ತೊಡಿಸಿ, ಬೆಳಕು ಮಿನುಗಿಸಿ ಎದೆ ಬಡಿತವನ್ನು ತಮಗೆ ಬೇಕಾದಷ್ಟು ಏರಿಸಿದರು. ಮಾತ್ರೆ ಇಲ್ಲ, ಸೂಜಿ ಇಲ್ಲ, ಬರೀ ಹೃದಯ. ಏನಾಯಿತು ಗೊತ್ತಾ? ಅಪಾಯ ಇರುವ ಜಾಗದಲ್ಲಿ, ಅಂದರೆ ಇಲಿಗೆ ಬಯಲಲ್ಲಿ, ಅದು ಇನ್ನಷ್ಟು ಹೆದರಿ ಮೂಲೆ ಹಿಡಿಯಿತು. ಅಪಾಯ ಇಲ್ಲದ ಕಡೆ ಬಡಿತ ಏರಿದರೂ ಇಲಿ ತನ್ನ ಪಾಡಿಗೆ ಇತ್ತು. ಆಮೇಲೆ ಮೆದುಳಿನ ಇನ್ಸುಲಾ ಎಂಬ ಭಾಗದ ಕೆಲಸವನ್ನು ತಡೆದರು, ಮೈಯೊಳಗಿನ ಸುದ್ದಿ ಬಂದು ಸೇರುವ ಜಾಗ ಅದು. ಎದೆ ಹಾಗೇ ಬಡಿಯುತ್ತಿತ್ತು, ಹೆದರಿಕೆ ಮಾತ್ರ ತಗ್ಗಿತು.

ಎದೆ ಬೇಕು, ಜಾಗ ಬೇಕು, ಎರಡನ್ನೂ ಸೇರಿಸಿ ಓದುವ ಮೆದುಳೂ ಬೇಕು. ಅನುಭವ ಹುಟ್ಟುವುದು ಆ ಓದಿನಲ್ಲಿ, ಅಂದರೆ ತಲೆಯಲ್ಲೇ. ಆದರೆ ಓದಲು ಅದರ ಕೈಯಲ್ಲಿರುವ ಕಾಗದದ ಬಹುಪಾಲು ಕೆಳಗಿನಿಂದ ಬಂದದ್ದು. ವೇಗಸ್ ಎಂಬ ದೊಡ್ಡ ನರ ಮೆದುಳಿನಿಂದ ಎದೆ, ಹೊಟ್ಟೆಗೆ ಇಳಿಯುತ್ತದೆ. ಆಜ್ಞೆ ಕೊಡುವ ನರ ಅಂತ ಓದಿದ್ದೇವೆ. ನಿಜಕ್ಕೂ ಅದರ ತಂತುಗಳಲ್ಲಿ ಸುಮಾರು 80 ಶೇಕಡ ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಪ್ರತಿ ಬಡಿತದಲ್ಲೂ ರಕ್ತನಾಳದ ಗೋಡೆ ಹಿಗ್ಗಿದ್ದು ಮೆದುಳಿಗೆ ವರದಿಯಾಗುತ್ತದೆ. 2014ರಲ್ಲಿ ಸಾರಾ ಗಾರ್ಫಿಂಕೆಲ್ ಮತ್ತು ಸಂಗಡಿಗರು ಹೆದರಿದ ಮುಖದ ಚಿತ್ರವನ್ನು ಹೃದಯ ಬಡಿಯುವ ಕ್ಷಣಕ್ಕೇ ಸರಿಯಾಗಿ ತೋರಿಸಿದರೆ ಜನರಿಗೆ ಅದು ಹೆಚ್ಚು ಹೆದರಿದ ಹಾಗೆ ಕಾಣುತ್ತದೆ ಅಂತ ತೋರಿಸಿದರು. ಎರಡು ಬಡಿತದ ನಡುವೆ ತೋರಿಸಿದರೆ ಅಷ್ಟಿಲ್ಲ. ಮುಖ ಅದೇ, ಕಣ್ಣು ಅದೇ.

ಇಷ್ಟು ಹೇಳಿದೆ ಅಂತ ವಾಟ್ಸಾಪಿನಲ್ಲಿ ಬರುವುದನ್ನೆಲ್ಲ ನಂಬಬೇಡ. "ಹೃದಯಕ್ಕೂ ಒಂದು ಮೆದುಳಿದೆ, ಅದರಲ್ಲಿ 40,000 ನರಕೋಶ ಇವೆ" ಅಂತ ನಿನ್ನ ದೊಡ್ಡಪ್ಪ ತಿಂಗಳಿಗೊಮ್ಮೆ ಕಳಿಸುತ್ತಾರೆ. ಸಂಖ್ಯೆ ಸುಮಾರಾಗಿ ಸರಿ. ಅವು ಬಡಿತದ ಲಯ ನೋಡಿಕೊಳ್ಳುವ ಕೆಲಸದಲ್ಲಿವೆ. ತಲೆಯಲ್ಲಿರುವುದು 8,600 ಕೋಟಿ. ಹೃದಯ ಬದಲಿಸಿದವರಿಗೆ ಕೊಟ್ಟವರ ನೆನಪು ಬರುತ್ತದೆ ಅನ್ನುವ ಕಥೆಗಳಿಗೂ ಗಟ್ಟಿ ಪುರಾವೆ ಇಲ್ಲ. ನಮ್ಮ ಅಜ್ಜಿಗೆ ಪೇಸ್‌ಮೇಕರ್ ಹಾಕಿಸಲು ಮಂಗಳೂರಿಗೆ ಕರೆದೊಯ್ದಾಗ ಅವಳಿಗೂ ಇದೇ ಚಿಂತೆ. "ಎದೆಗೆ ಮಿಷನ್ ಕೂರಿಸಿದ ಮೇಲೆ ನಂಗೆ ನಿಮ್ಮ ಮೇಲೆ ಮಮತೆ ಇರ್ತದ್ಯನಾ?" ಅಂತ ಕೇಳಿದಳು. ಡಾಕ್ಟರು ನಕ್ಕರು, ನಾನು ನಗಲಿಲ್ಲ, ಕೇಳಬೇಕಾದ ಪ್ರಶ್ನೆಯೇ. ಮನೆಗೆ ಬಂದ ಮೊದಲ ಬೆಳಿಗ್ಗೆ ತೆಳ್ಳೇವು ದೋಸೆಗೆ ಉಪ್ಪು ಸಾಲದು ಅಂತ ಆಯಿಗೂ ನನಗೂ ಸೇರಿಸಿ ಬೈದಳು. ಮಮತೆಗೆ ಏನೂ ಆಗಿಲ್ಲ ಅಂತ ತಿಳಿಯಿತು.

ತಲೆಯದು ತಲೆಯಲ್ಲೇ ನಿಲ್ಲುವುದೂ ಇಲ್ಲ. ದೊಡ್ಡ ದುಃಖ ಬಂದಾಗ ಹೃದಯದ ಎಡ ಕೋಣೆ ತಾತ್ಕಾಲಿಕವಾಗಿ ಉಬ್ಬಿ ಸೋತುಹೋಗುವ ಕಾಯಿಲೆ ಇದೆ. ಹಾರ್ಟ್ ಅಟ್ಯಾಕ್ ಅಂತಲೇ ಆಸ್ಪತ್ರೆಗೆ ಒಯ್ಯುತ್ತಾರೆ, ನೋಡಿದರೆ ರಕ್ತನಾಳದಲ್ಲಿ ತಡೆ ಇರುವುದಿಲ್ಲ. ಜಪಾನಿನ ವೈದ್ಯರು 1990ರಲ್ಲಿ ಇದನ್ನು ವಿವರಿಸಿದರು. ಉಬ್ಬಿದ ಹೃದಯ ಅಲ್ಲಿನ ಮೀನುಗಾರರು ಆಕ್ಟೋಪಸ್ ಹಿಡಿಯುವ ಮಡಕೆಯ ಹಾಗೆ ಕಂಡದ್ದರಿಂದ ತಕೋತ್ಸುಬೊ ಅಂತ ಅದರ ಹೆಸರೇ ಇಟ್ಟರು. ಮುಟ್ಟು ನಿಂತ ಹೆಂಗಸರಲ್ಲಿ ಜಾಸ್ತಿ. ಹೆಚ್ಚಿನವರು ಕೆಲವು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ.

ಇಷ್ಟೆಲ್ಲ ಆದರೂ ಪಂಡಿತರ ಜಗಳ ಮುಗಿದಿಲ್ಲ. ಮೆದುಳಿನ ವಿಜ್ಞಾನಿಗಳಲ್ಲಿ ಜೋಸೆಫ್ ಲೆಡೂ ಅಂಥವರು ಅಮಿಗ್ಡಲ ಮೈಯನ್ನು ಸಜ್ಜು ಮಾಡುತ್ತದೆ ಅಷ್ಟೇ, "ನಾನು ಹೆದರಿದ್ದೇನೆ" ಅನ್ನುವ ಅನುಭವ ಕಟ್ಟುವುದು ಮೆದುಳಿನ ಹೊರಪದರ ಅನ್ನುತ್ತಾರೆ. ಆಂಟೋನಿಯೊ ಡಮಾಸಿಯೊ ಅಂಥವರು ಮೈಯ ಸುದ್ದಿ ಇಲ್ಲದೆ ಅನುಭವವೇ ಇಲ್ಲ ಅನ್ನುತ್ತಾರೆ. ನರಕೋಶದ ಉಪ್ಪು ನೀರು, ಕರೆಂಟಿನಿಂದ ಒಂದು ದುಃಖ ಹೇಗೆ ಆಗುತ್ತದೆ ಅಂತ ಇಬ್ಬರಲ್ಲಿ ಯಾರೂ ಬಿಡಿಸಿ ತೋರಿಸಿಲ್ಲ. ಔಷಧಿ ಮಾರಿಕೊಂಡು ಇರುವ ನನ್ನ ಓಟು, ಕೇಳಿದರೆ, ಡಮಾಸಿಯೊ ಕಡೆಗೆ. ಚೌಕಿಯಲ್ಲಿ ಮಾವನ ನಾಡಿ ಹಿಡಿದ ಮೇಲೆ ಬೇರೆ ಓಟು ಹಾಕಲು ಕಷ್ಟ.

ಈಗ ನಿನ್ನ ಸೆಮಿನಾರ್. ನೀನು "ನಾನು ಪುಕ್ಕಲಿ ಅಪ್ಪಾ, ಎದೆ ಬಡಿಯೋದೇ ಅದಕ್ಕೆ ಸಾಕ್ಷಿ" ಅಂದೆ. ಎದೆ ಬಡಿತ ಆ ಸಾಕ್ಷಿ ಹೇಳುವುದಿಲ್ಲ. ನಾಳೆ ಮಾತಾಡಲಿಕ್ಕಿದೆ, ಎಚ್ಚರ ಇರಲಿ ಅಂತ ಮಾತ್ರ ಅದು ಹೇಳುತ್ತದೆ. ಹೆದರಿಕೆ ಅಂತ ಓದಿದ್ದು ನೀನು. 2014ರಲ್ಲಿ ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ ಹಾಡು, ಭಾಷಣದ ಮೊದಲು ಒಂದಷ್ಟು ಜನಕ್ಕೆ "ನನಗೆ ಹುರುಪು ಬಂದಿದೆ" ಅಂತ ಬಾಯಿಬಿಟ್ಟು ಹೇಳಿಸಿದರು. ಸಮಾಧಾನ ಮಾಡಿಕೊಳ್ಳಲು ಹೊರಟವರಿಗಿಂತ ಅವರು ಚೆನ್ನಾಗಿ ಮಾಡಿದರು. ಬಡಿತ ಇಳಿದಿರಲಿಲ್ಲ, ಅದನ್ನು ಕರೆಯುವ ರೀತಿ ಬದಲಾಗಿತ್ತು. ಕೇಳಿದರೆ ನಗು ಬರುತ್ತದೆ, ಮಾಡಿ ನೋಡು.

ಇನ್ನೊಂದು, ಇದಕ್ಕೆ ಚೀಟಿಯೂ ಬೇಡ. ಎಡಗೈ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡಕ್ಕೆ ಬಲಗೈಯ ಮೂರು ಬೆರಳು ಇಡು. ನಾಡಿ ಸಿಕ್ಕಿದ ಮೇಲೆ ನಿಧಾನಕ್ಕೆ ಉಸಿರು ಎಳೆ, ಬಡಿತ ಚೂರು ಬೇಗವಾಗುತ್ತದೆ. ಎಳೆದಿದ್ದಕ್ಕಿಂತ ನಿಧಾನಕ್ಕೆ ಬಿಡು, ಬಡಿತ ತಡವಾಗುವುದು ಬೆರಳಿಗೇ ತಿಳಿಯುತ್ತದೆ. ನಿನ್ನ ವಯಸ್ಸಿನಲ್ಲಿ ಇದು ಚೆನ್ನಾಗಿ ಸಿಗುತ್ತದೆ, ನನಗೆ ಈಗ ಹುಡುಕಬೇಕು. ಅದು ವೇಗಸ್ ನರದ ಕೆಲಸ. 1921ರಲ್ಲಿ ಆಟೊ ಲೋವಿ ಎಂಬ ವಿಜ್ಞಾನಿ ಕಪ್ಪೆಯ ಹೃದಯ ಇಟ್ಟುಕೊಂಡು ಪ್ರಯೋಗ ಮಾಡಿದ್ದೂ ಇದೇ ನರದ ಮೇಲೆ. ಸರದಿ ಬರುವ ಮೊದಲು ಹಿಂದಿನ ಬೆಂಚಿನಲ್ಲಿ ಕೂತು ಐದು ನಿಮಿಷ ಮಾಡು, ಯಾರಿಗೂ ಗೊತ್ತಾಗುವುದಿಲ್ಲ. ಮೈಯ ಸುದ್ದಿ ಬದಲಾದರೆ ಓದೂ ಸ್ವಲ್ಪ ಬದಲಾಗುತ್ತದೆ.

ಸೆಮಿನಾರ್ ಇಲ್ಲದ ದಿನವೂ, ಸುಮ್ಮನೆ ಮಲಗಿದ್ದಾಗಲೂ ಎದೆ ಹಾಗೇ ಹೊಡೆದುಕೊಂಡರೆ ಅದನ್ನು ಹೆದರಿಕೆ ಅಂತ ತಳ್ಳಿಹಾಕಬೇಡ. ರಕ್ತ ಕಡಿಮೆಯಿದ್ದರೂ, ಥೈರಾಯ್ಡ್ ಜಾಸ್ತಿಯಾಗಿದ್ದರೂ ಹೀಗೇ ಆಗುತ್ತದೆ. ಅಲ್ಲಿ ಒಳ್ಳೆ ಡಾಕ್ಟರಿಗೆ ತೋರಿಸಿ ಹಿಮೋಗ್ಲೋಬಿನ್, ಥೈರಾಯ್ಡಿಗೆ ಟಿಎಸ್‌ಎಚ್, ಒಂದು ಇಸಿಜಿ ಮಾಡಿಸು. ಸಣ್ಣವಳಿದ್ದಾಗ ಉಬ್ಬಸ ಇತ್ತು ಅಂತ ಮೊದಲೇ ಹೇಳು, ಅವರು ಕೇಳದಿದ್ದರೂ ಹೇಳು. ಅವರು ನೋಡಿ ಬೇರೆ ಯಾವುದಾದರೂ ಮಾತ್ರೆ ಬರೆದರೆ ಚೀಟಿಯ ಫೋಟೋ ಹಾಕು, ಅವತ್ತೇ ಕಳಿಸುತ್ತೇನೆ. ದಿನಕ್ಕೆ ನಾಲ್ಕು ಕಾಫಿ ಕುಡಿಯುತ್ತೀಯ ಅಂತ ನಿನ್ನ ರೂಮ್‌ಮೇಟ್ ಬಾಯಿಂದಲೇ ಬಂತು, ಅದನ್ನು ಎರಡಕ್ಕೆ ಇಳಿಸು.

ಸೆಮಿನಾರ್ ಎಷ್ಟು ಗಂಟೆಗೆ ಅಂತ ತಿಳಿಸು. ಆ ಹೊತ್ತಿಗೆ ನಿನ್ನ ಆಯಿ ಫೋನ್ ಮಾಡಿ "ಹೆದರಬೇಡ" ಅನ್ನದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ.

ಇಂತಿ,
ಅಪ್ಪ